ಕಾಂಟ್ರಾಸ್ಟ್ ತಿರುಗಿಸಿದರೆ 28 ಡಿಗ್ರಿ 49 ಆಗುವ ಬೋರ್ಡ್

ಅಡಿಕೆ ಒಣಗಿಸುವ ಡ್ರೈಯರ್‌ಗೆ ಅಂತ ಮಾಡಿದ ಸರ್ಕ್ಯೂಟ್ ಬೋರ್ಡಿಗೆ ಡಿಸ್ಪ್ಲೇ ಸಿಕ್ಕಿಸಿದ್ದೆ. ಬೆಳಕು ಬಂತು, ಅಕ್ಷರ ಕಾಣಲಿಲ್ಲ. ಹೊಸ ಎಲ್‌ಸಿಡಿಯಲ್ಲಿ ಇದು ಸಾಮಾನ್ಯ. ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು ಕಾಂಟ್ರಾಸ್ಟ್ ಟ್ರಿಮ್ಮರ್, ಅಂದರೆ ಅಕ್ಷರದ ಗಾಢತೆ ಹೊಂದಿಸುವ ಪುಟ್ಟ ರೆಸಿಸ್ಟರ್, ತಿರುಗಿಸಿದೆ. ಅಕ್ಷರ ನಿಧಾನಕ್ಕೆ ಮೂಡಿತು. ಡ್ರೈಯರಿನ ನಾಲ್ಕು ತಟ್ಟೆಗಳ ಉಷ್ಣತೆಯೂ ಕಂಡಿತು: ನಾಲ್ಕೂ ಕಡೆ 49 ಡಿಗ್ರಿ. ಹೊರಗೆ ಮಳೆ ಸುರಿಯುತ್ತಿತ್ತು, ಸೆನ್ಸರ್‌ಗಳು ಮೇಜಿನ ಮೇಲೆ ಬಿದ್ದಿದ್ದವು, ಗೋಡೆಯ ಥರ್ಮಾಮೀಟರ್ 28 ತೋರಿಸುತ್ತಿತ್ತು. ಐದು ನಿಮಿಷದ ಹಿಂದೆ ಬೋರ್ಡ್ ಕಳಿಸುವ ಸಂಖ್ಯೆಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್‌ನಲ್ಲೂ 28 ಅಂತಲೇ ಬರುತ್ತಿತ್ತು.

ಈ ಬೋರ್ಡ್ ನಮ್ಮ ಭಾವನ ಅಡಿಕೆ ಡ್ರೈಯರ್‌ಗೆ. ಅವರ ಮನೆ ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ದಾರಿಯಲ್ಲಿ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಚಾಲಿ ಮಾಡುವವರಿಗೆ 40 ದಿನಕ್ಕೂ ಜಾಸ್ತಿ ಬಿಸಿಲು ಬೇಕು. ಹಸಿ ಅಡಿಕೆ ಸುಲಿದು ಬೇಯಿಸಿ ಮಾಡುವ ಕೆಂಪಡಿಕೆಗೆ ಅಷ್ಟು ದಿನ ಬೇಡ. ಆದರೆ ಬೇಯಿಸಿದ ಅಡಿಕೆಯನ್ನು ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಕೊನೆಕೊಯ್ಲಿನ ಹೊತ್ತಿಗೆ ಅಕಾಲಿಕ ಮಳೆ ಬಂದರೆ ಅಟ್ಟದ ಮೇಲೆ ಹರವಿದ್ದನ್ನೆಲ್ಲ ಮತ್ತೆ ಬಾಚಬೇಕು. ಅದಕ್ಕೆ ಭಾವ ಕಟ್ಟಿಗೆ ಉರಿಸುವ ಡ್ರೈಯರ್ ಕಟ್ಟಿಸಿದ್ದಾರೆ. ಒಳಗೆ ನಾಲ್ಕು ತಟ್ಟೆ, ಬಿಸಿ ಗಾಳಿ ನೂಕಲು ಒಂದು ಫ್ಯಾನ್. ರಾತ್ರಿ ಎರಡು ಸಲ ಎದ್ದು ಕೈ ಇಟ್ಟು ನೋಡುತ್ತಾರೆ. ಆ ಎರಡು ಸಲದ ನಿದ್ದೆ ಅವರಿಗೆ ಸಿಗಲಿ ಅನ್ನುವುದೇ ನನ್ನ ಉದ್ದೇಶ. ತಟ್ಟೆ ತೀರಾ ಬಿಸಿಯಾದರೆ ಫ್ಯಾನ್ ನಿಲ್ಲಬೇಕು, ತಣ್ಣಗಾದರೆ ಗಂಟೆ ಹೊಡೆಯಬೇಕು. ತಪ್ಪು ಉಷ್ಣತೆ ತೋರಿಸುವ ಬೋರ್ಡನ್ನು ಅವರ ಕೈಗೆ ಕೊಡುವ ಹಾಗೇ ಇಲ್ಲ.

ಮೊದಲು ನನ್ನ ಕೋಡ್ ಮೇಲೆ ಅನುಮಾನ ಬಂತು. ಡಿಸ್ಪ್ಲೇಗೆ ಸಂಖ್ಯೆ ಬರೆಯುವಾಗ ಏನೋ ಎಡವಟ್ಟಾಗಿರಬೇಕು ಅಂದುಕೊಂಡೆ. ಸೀರಿಯಲ್ ಮಾನಿಟರ್ ನೋಡಿದರೆ ಅಲ್ಲೂ 49. ಅಂದರೆ ಕೋಡ್ ಅಲ್ಲ, ಓದುತ್ತಿರುವ ವೋಲ್ಟೇಜೇ ಬೇರೆಯಾಗಿದೆ. ಮಲ್ಟಿಮೀಟರ್ ಹಿಡಿದೆ. ಸೆನ್ಸರ್‌ಗಳಿಗೆ ಟಿಎಲ್431 ಐಸಿಯಿಂದ 2.5 ವೋಲ್ಟ್ ರೆಫರೆನ್ಸ್, ಅಂದರೆ ಅಳತೆಗೆ ಆಧಾರವಾಗುವ ಸ್ಥಿರ ವೋಲ್ಟೇಜ್, ಕೊಟ್ಟಿದ್ದೆ. ಅಲ್ಲಿ 1.44 ವೋಲ್ಟ್ ಇತ್ತು. ಐಸಿ ಹೋಗಿದೆ ಅಂತ ಬಿಚ್ಚಿ ಹೊಸದು ಹಾಕಿದೆ. ಮತ್ತೆ 1.44. ಸುಮ್ನೆ ಒಂದು ಗಂಟೆ ಹೋಯಿತು.

ಕತ್ತಲಾಗುತ್ತಾ ಬಂದಿತ್ತು. ಅಕ್ಷರ ಇನ್ನಷ್ಟು ಗಾಢವಾಗಲಿ ಅಂತ ಟ್ರಿಮ್ಮರ್ ಮತ್ತೊಂದು ಚೂರು ತಿರುಗಿಸಿದೆ. ಉಷ್ಣತೆ ಇನ್ನೂ ಮೇಲೆ ಹೋಯಿತು. ಹಿಂದಕ್ಕೆ ತಿರುಗಿಸಿದೆ, ಇಳಿಯಿತು. ಸರಿಯಾಗಿ ನಡುವಿಗೆ ತಂದೆ. ಅಕ್ಷರ ಪೂರ್ತಿ ಅಳಿಸಿಹೋಯಿತು, ಲ್ಯಾಪ್‌ಟಾಪಿನಲ್ಲಿ 28 ಬಂತು.

ಕಂಪ್ಯೂಟರಿನಲ್ಲಿ ಸ್ಕೀಮ್ಯಾಟಿಕ್, ಅಂದರೆ ಸರ್ಕ್ಯೂಟಿನ ನಕ್ಷೆ, ತೆರೆದೆ. ಅದನ್ನು ಬರೆಯಲು ನಾನು ಬಳಸುವ ತಂತ್ರಾಂಶ ಕೀಕ್ಯಾಡ್, ಎಂಟನೇ ಆವೃತ್ತಿ. ಈ ಬೋರ್ಡಿನ ಸ್ಕೀಮ್ಯಾಟಿಕ್ ಒಂದೇ ಹಾಳೆಯಲ್ಲಿಲ್ಲ. ಮೇಲೊಂದು ಮುಖ್ಯ ಶೀಟ್, ಅದರೊಳಗೆ ಪವರ್, ಕಂಟ್ರೋಲರ್, ಫ್ಯಾನ್, ಡಿಸ್ಪ್ಲೇ ಅಂತ ಬೇರೆ ಬೇರೆ ಶೀಟ್. ತಟ್ಟೆಯ ಸೆನ್ಸರ್‌ಗೆ ಒಂದೇ ಫೈಲ್ ಬರೆದು ಅದನ್ನು ನಾಲ್ಕು ಸಲ ಬಳಸಿದ್ದೇನೆ. ಹೀಗೆ ಫೈಲ್ 6, ಶೀಟ್ 9. ನಾಲ್ಕು ಸೆನ್ಸರ್ ಶೀಟಿಗೂ ರೆಫರೆನ್ಸ್ ತಲುಪಿಸಲು ಗೆರೆ ಎಳೆಯದೆ 'ವಿರೆಫ್' ಅನ್ನುವ ಗ್ಲೋಬಲ್ ಲೇಬಲ್, ಅಂದರೆ ಎಲ್ಲ ಶೀಟಿನಲ್ಲೂ ಒಂದೇ ಅಂತ ಲೆಕ್ಕಕ್ಕೆ ಬರುವ ಹೆಸರು, ಹಾಕಿದ್ದೆ. ಡಿಸ್ಪ್ಲೇ ಶೀಟ್ ಹೊಸದಾಗಿ ಬರೆದದ್ದಲ್ಲ. ಬಾವಿಯ ನೀರಿನ ಮಟ್ಟ ತೋರಿಸಲು ಹಿಂದೆ ಮಾಡಿದ್ದ ಬೋರ್ಡಿನಿಂದ ನಕಲು ಮಾಡಿದ್ದು. ಅದರಲ್ಲಿ ಕಾಂಟ್ರಾಸ್ಟ್ ಟ್ರಿಮ್ಮರ್‌ನ ನಡುಗಾಲಿಗೆ ನಾನೇ ಆಗ ಕೊಟ್ಟ ಹೆಸರು ಕೂಡ 'ವಿರೆಫ್'. ಅದೂ ಗ್ಲೋಬಲ್.

ಎರಡು ಶೀಟಿನ ನಡುವೆ ಒಂದೂ ಗೆರೆ ಇಲ್ಲ. ಹೆಸರು ಒಂದೇ ಆದ್ದರಿಂದ ತಾಮ್ರದಲ್ಲಿ ಎರಡೂ ಸೇರಿಹೋಗಿವೆ.

ಲೆಕ್ಕ ಹಾಕಿ ನೋಡಿದರೆ ಎಲ್ಲ ಕೂಡಿ ಬರುತ್ತದೆ. ಟ್ರಿಮ್ಮರ್ 10 ಕಿಲೋಓಮ್‌ನದ್ದು, ಒಂದು ತುದಿ 5 ವೋಲ್ಟಿಗೆ, ಇನ್ನೊಂದು ಗ್ರೌಂಡಿಗೆ. ನಡುವಿನಲ್ಲಿದ್ದಾಗ ಅದರ ವೋಲ್ಟೇಜ್ ತಾನಾಗಿ 2.5. ರೆಫರೆನ್ಸೂ 2.5. ಹಾಗಾಗಿ ಯಾರಿಗೂ ತೊಂದರೆ ಇಲ್ಲ, ಸೀರಿಯಲ್‌ನಲ್ಲಿ ಸರಿಯಾಗೇ ಬರುತ್ತಿತ್ತು. ಅಕ್ಷರ ಕಾಣಬೇಕಾದರೆ ನಡುಗಾಲನ್ನು ಗ್ರೌಂಡಿನ ಹತ್ತಿರಕ್ಕೆ ತಿರುಗಿಸಬೇಕು. ಸುಮಾರು 400 ಓಮ್ ಉಳಿಯುವಷ್ಟು ತಿರುಗಿಸಿದಾಗ ಅದು ರೆಫರೆನ್ಸನ್ನೇ ಕೆಳಗೆ ಎಳೆಯುತ್ತದೆ. ಟಿಎಲ್431ಗೆ ನಾನು 5 ವೋಲ್ಟಿನಿಂದ 1 ಕಿಲೋಓಮ್ ಮೂಲಕ ಕೊಟ್ಟದ್ದು 2.5 ಮಿಲಿಆಂಪ್. ಆ ಐಸಿ ಸರಿಯಾಗಿ ಕೆಲಸ ಮಾಡಲು ಅದಕ್ಕೇ 1 ಮಿಲಿಆಂಪ್ ಬೇಕು. ಟ್ರಿಮ್ಮರ್ ಎಲ್ಲ ಕುಡಿದುಬಿಟ್ಟರೆ ಅದಕ್ಕೆ ಏನೂ ಉಳಿಯುವುದಿಲ್ಲ. ಸೆನ್ಸರ್ 10 ಕಿಲೋಓಮ್‌ನ ಎನ್‌ಟಿಸಿ, ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಕಡಿಮೆ, ವೋಲ್ಟೇಜೂ ಕಡಿಮೆ. ಆ ವೋಲ್ಟೇಜನ್ನು ಅಳೆದು ಸಂಖ್ಯೆ ಮಾಡುವ ಎಡಿಎಸ್1115 ಚಿಪ್ಪಿಗೆ ತನ್ನದೇ ಒಳಗಿನ ರೆಫರೆನ್ಸ್ ಇದೆ. ಇಲ್ಲಿ 2.5 ಕುಸಿದದ್ದು ಅದಕ್ಕೆ ಗೊತ್ತಾಗುವುದಿಲ್ಲ. ವೋಲ್ಟೇಜ್ ಕಡಿಮೆ ಕಂಡಿತು, ಬಿಸಿಯಾಗಿದೆ ಅಂದಿತು. ಡ್ರೈಯರ್‌ನಲ್ಲಿ 50 ಡಿಗ್ರಿ ಇದ್ದಾಗ ಈ ಬೋರ್ಡ್ 70 ಅಂತ ತೋರಿಸಿ ಫ್ಯಾನ್ ನಿಲ್ಲಿಸುತ್ತಿತ್ತು. ಒದ್ದೆ ಅಡಿಕೆ ರಾತ್ರಿಯಿಡೀ ಗಾಳಿಯಿಲ್ಲದೆ ಕೂರುತ್ತಿತ್ತು.

ತಪ್ಪು ಸಿಕ್ಕಿತು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸ್ಕ್ರೂಡ್ರೈವರ್ ತಿರುಗಿಸಿದ್ದಕ್ಕೆ ಇದು ಕಣ್ಣಿಗೆ ಬಿತ್ತು. ಕಣ್ಣಿಗೆ ಬೀಳದ್ದು ಇನ್ನೆಷ್ಟಿದೆ?

ಕೀಕ್ಯಾಡ್‌ನ ನಿಯಮ ಪರೀಕ್ಷೆ, ಅಂದರೆ ಇಆರ್‌ಸಿ, ಇದನ್ನು ಹಿಡಿದಿರಲಿಲ್ಲ. ಹಿಡಿಯಬೇಕು ಅಂತಲೂ ಹೇಳಲಾಗದು. ಒಂದೇ ಹೆಸರಿನ ಗ್ಲೋಬಲ್ ಲೇಬಲ್ ಎರಡು ಶೀಟಿನಲ್ಲಿದ್ದರೆ ಸೇರಿಸು ಅನ್ನುವುದೇ ಅದರ ಅರ್ಥ. ನಾನು ಹೇಳಿದ್ದನ್ನೇ ಅದು ಮಾಡಿದೆ. ಒಂದು ನೆಟ್, ಅಂದರೆ ಒಂದಕ್ಕೊಂದು ಸೇರಿದ ಪಿನ್‌ಗಳ ಗುಂಪು, ಆರಿಸಿದರೆ ಅದು ಎಲ್ಲೆಲ್ಲಿದೆ ಅಂತ ತೋರಿಸುವ ಸೌಲಭ್ಯವೂ ಇದೆ. ಆದರೆ ಯಾವ ನೆಟ್ ಮೇಲೆ ಅನುಮಾನ ಪಡಬೇಕು ಅಂತ ಮೊದಲೇ ಗೊತ್ತಿರಬೇಕಲ್ವಾ?

ನಾನು ಮೊದಲು ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೆಲಸದಲ್ಲಿದ್ದೆ. ಅಲ್ಲಿ ಕೇಡೆನ್ಸ್ ಕಂಪನಿಯ ವರ್ಚುಒಸೊ ತಂತ್ರಾಂಶದಲ್ಲಿ ಗ್ಲೋಬಲ್ ನೆಟ್‌ನ ಹೆಸರಿನ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಇರುತ್ತದೆ. ಸರ್ಕ್ಯೂಟನ್ನು ಲೆಕ್ಕದಲ್ಲೇ ಓಡಿಸಿ ನೋಡುವ ಸ್ಪೈಸ್‌ನಲ್ಲಿ ಸೊನ್ನೆ ಅನ್ನುವ ನೋಡ್ (ನೆಟ್ಟಿಗೆ ಅಲ್ಲಿನ ಹೆಸರು) ಯಾವಾಗಲೂ ಗ್ಲೋಬಲ್, ಬೇರೆ ಯಾವುದಾದರೂ ಬೇಕಿದ್ದರೆ ಗ್ಲೋಬಲ್ ಅಂತ ಒಂದು ಸಾಲು ಬರೆದು ಹೇಳಬೇಕು. ಹತ್ತು ಮೆಟ್ಟಿಲು ಕೆಳಗಿನ ಸೆಲ್ (ಸರ್ಕ್ಯೂಟಿನ ಒಂದು ತುಂಡು) ಒಳಗೆ ಯಾರೋ ಬಿಟ್ಟ ಗ್ಲೋಬಲ್ ಸಪ್ಲೈ ಇದ್ದರೆ ಬೇರೆ ಬೇರೆ ಸಪ್ಲೈಯಲ್ಲಿ ಓಡಬೇಕಾದ ಎರಡು ಪವರ್ ಡೊಮೇನ್‌ಗಳು ಒಂದಾಗಿಬಿಡುತ್ತವೆ. ಅದಕ್ಕೇ ಮೇಲಿನಿಂದ ಕೆಳಗಿನವರೆಗೆ ಪ್ರತಿ ಸೆಲ್ ಒಳಗೂ ಇಳಿದು, ಅಲ್ಲಿನ ಪ್ರತಿ ನೆಟ್ಟಿಗೂ ನೀನು ಗ್ಲೋಬಲ್ಲಾ ಅಂತ ಕೇಳುವ ಸ್ಕ್ರಿಪ್ಟನ್ನು ಸ್ಕಿಲ್ ಭಾಷೆಯಲ್ಲಿ ಬರೆಯುವುದು ಅಲ್ಲಿ ರೂಢಿ. ನನ್ನ ಅಂಗೈ ಅಗಲದ ಬೋರ್ಡಿಗೂ ಅದೇ ಮಾಡೋಣ ಅಂದುಕೊಂಡೆ. ಭಾಷೆ ಮಾತ್ರ ಪೈಥಾನ್.

ಮರುದಿನ ಬೆಳಿಗ್ಗೆ ಶುರು ಮಾಡಿದೆ. ಕೀಕ್ಯಾಡ್‌ನ ಸ್ಕೀಮ್ಯಾಟಿಕ್ ಫೈಲ್ ಬರೀ ಪಠ್ಯ. 2021ರ ಡಿಸೆಂಬರ್‌ನಲ್ಲಿ ಬಂದ ಆರನೇ ಆವೃತ್ತಿಯಿಂದ ಅದರ ರೂಪ ಕಂಸದೊಳಗೆ ಕಂಸ. ಯಾವ ಎಡಿಟರ್‌ನಲ್ಲಿ ಬೇಕಾದರೂ ತೆರೆದು ಓದಬಹುದು. ಈ ಒಂದು ಕಾರಣಕ್ಕೇ ನನಗೆ ಕೀಕ್ಯಾಡ್ ಮೇಲೆ ಬಹಳ ಪ್ರೀತಿ. ನಮ್ಮ ವಿನ್ಯಾಸ ನಮ್ಮ ಕಣ್ಣಿಗೆ ಕಾಣುವ ಹಾಗೆ ಇರುತ್ತದೆ.

ಮೊದಲ ಪ್ರಯತ್ನ ತೀರಾ ಸರಳ. ಫೋಲ್ಡರಿನ ಎಲ್ಲ ಸ್ಕೀಮ್ಯಾಟಿಕ್ ಫೈಲಿನಲ್ಲೂ ಗ್ಲೋಬಲ್ ಲೇಬಲ್ ಅನ್ನುವ ಪದ ಹುಡುಕುವುದು. ಒಂದೇ ಸಾಲಿನ ಆಜ್ಞೆ. ಪಟ್ಟಿ ಬಂತು, ಆದರೆ ನಂಬುವ ಹಾಗಿರಲಿಲ್ಲ. ಫೋಲ್ಡರಿನಲ್ಲಿ ಹಳೆಯ ಡಿಸ್ಪ್ಲೇ ಮತ್ತು ಹಳೆಯ ಪವರ್ ಶೀಟಿನ ಫೈಲುಗಳೂ ಬಿದ್ದಿದ್ದವು. ಈಗಿನ ವಿನ್ಯಾಸದಲ್ಲಿ ಅವಿಲ್ಲ, ಆದರೂ ಅವುಗಳ ಲೇಬಲ್ ಪಟ್ಟಿಗೆ ಬಂತು. ಸೆನ್ಸರ್ ಫೈಲ್ ನಾಲ್ಕು ಸಲ ಬಳಕೆಯಾಗಿದೆ ಅಂತ ಎಲ್ಲೂ ಗೊತ್ತಾಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗ್ರೌಂಡ್ ಆ ಪಟ್ಟಿಯಲ್ಲೇ ಇರಲಿಲ್ಲ. ಗ್ರೌಂಡಿಗಿಂತ ದೊಡ್ಡ ಗ್ಲೋಬಲ್ ಯಾವುದಿದೆ?

ಗ್ರೌಂಡ್ ಬರದಿದ್ದಕ್ಕೆ ಕಾರಣ, ಅದು ಲೇಬಲ್ ಅಲ್ಲ, ಪವರ್ ಸಿಂಬಲ್, ಅಂದರೆ ಸಪ್ಲೈ ತೋರಿಸುವ ಚಿತ್ರ. ಕೀಕ್ಯಾಡ್‌ನಲ್ಲಿ ಒಂದು ನೆಟ್ ಗ್ಲೋಬಲ್ ಆಗಲು ಮೂರು ದಾರಿ. ಗ್ಲೋಬಲ್ ಲೇಬಲ್ ಒಂದು. ಗ್ರೌಂಡ್, ವಿಸಿಸಿ ತರಹದ ಪವರ್ ಸಿಂಬಲ್ ಇನ್ನೊಂದು. ಮೂರನೆಯದರ ಬಗ್ಗೆ ಆ ಬೆಳಿಗ್ಗೆ ನನಗೆ ನೆನಪಿರಲಿಲ್ಲ, ಮುಂದೆ ಬರುತ್ತದೆ. ಮಾಮೂಲಿ ಲೇಬಲ್ ತನ್ನ ಶೀಟ್ ದಾಟುವುದಿಲ್ಲ. ಹೈರಾರ್ಕಿಕಲ್ ಲೇಬಲ್ ದಾಟುತ್ತದೆ, ಆದರೆ ಮೇಲಿನ ಶೀಟಿನಲ್ಲಿ ಅದಕ್ಕೊಂದು ಪಿನ್ ಇರಬೇಕು, ಆ ಪಿನ್ನಿಗೆ ನಾವು ಗೆರೆ ಎಳೆಯಬೇಕು. ಅದು ಬಾಗಿಲಿನಿಂದ ಬರುವ ನೆಂಟ. ಯಾರು ಬಂದರು, ಎಲ್ಲಿಂದ ಬಂದರು ಅಂತ ಕಾಣುತ್ತದೆ.

ಸರಿ, ಫೈಲನ್ನು ಪೂರ್ತಿ ಓದುವ ಪಾರ್ಸರ್ ಬರೆಯಲೇಬೇಕಾಯಿತು. ದೊಡ್ಡ ಕೆಲಸವಲ್ಲ, 30 ಸಾಲು. ತೆರೆಯುವ ಕಂಸ ಬಂದರೆ ಹೊಸ ಪಟ್ಟಿ, ಮುಚ್ಚುವ ಕಂಸ ಬಂದರೆ ಆ ಪಟ್ಟಿಯನ್ನು ಹೊರಗಿನದಕ್ಕೆ ಸೇರಿಸು. ಉದ್ಧರಣ ಚಿಹ್ನೆಯೊಳಗಿನ ಕಂಸವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬಾರದು. ಹೆಸರಿನಲ್ಲಿ ಓರೆಗೆರೆ ಇದ್ದರೆ ಕೀಕ್ಯಾಡ್ ಅದನ್ನು ಹಾಗೇ ಬರೆಯುವುದಿಲ್ಲ, ಪುಷ್ಪಕಂಸದೊಳಗೆ ಸ್ಲ್ಯಾಶ್ ಅನ್ನುವ ಪದ ಹಾಕುತ್ತದೆ. ಅದನ್ನು ಮತ್ತೆ ಓರೆಗೆರೆ ಮಾಡಬೇಕು, ಇಲ್ಲವಾದರೆ ಮುಂದೆ ಹೋಲಿಸುವಾಗ ಹೆಸರು ಕೂಡುವುದಿಲ್ಲ.

ಆಮೇಲೆ ನಡೆದಾಟ. ಮುಖ್ಯ ಫೈಲಿನಿಂದ ಹೊರಟು, ಅದರಲ್ಲಿ ಶೀಟ್ ಅನ್ನುವ ಪಟ್ಟಿ ಕಂಡಲ್ಲೆಲ್ಲ ಶೀಟಿನ ಹೆಸರು ಮತ್ತು ಫೈಲಿನ ಹೆಸರು ತೆಗೆದು, ಆ ಫೈಲಿನೊಳಗೆ ಇಳಿಯುವುದು. ಇಳಿಯುವಾಗ ದಾರಿಯನ್ನು ಜೊತೆಗೆ ಒಯ್ಯಬೇಕು. ಆಗ ಒಂದೇ ಫೈಲ್ ಆದರೂ ತಟ್ಟೆ 1, ತಟ್ಟೆ 2 ಅಂತ ಬೇರೆ ಬೇರೆ ಸಾಲಾಗಿ ಬರುತ್ತದೆ. ಬಳಕೆಯಲ್ಲಿಲ್ಲದ ಫೈಲುಗಳು ತಾವಾಗಿ ಹೊರಗುಳಿದವು. ಹಳೆಯ ಬಾವಿ ಬೋರ್ಡಿನ ಮೇಲೂ ಓಡಿಸಿ ನೋಡಿದೆ. ಒಂದೇ ಶೀಟ್ ಇದೆ ಅಂದಿತು. ಇದ್ದದ್ದು ಮೂರು. ಆರನೇ ಆವೃತ್ತಿಯಲ್ಲಿ ಶೀಟ್, ಫೈಲ್ ಎರಡು ಪದಗಳ ನಡುವೆ ಜಾಗ ಬಿಟ್ಟು ಬರೆಯುತ್ತಿದ್ದರು, ಏಳರಿಂದ ಒಟ್ಟಿಗೆ ಬರೆಯುತ್ತಾರೆ. ಎರಡನ್ನೂ ಒಪ್ಪುವ ಹಾಗೆ ಮಾಡಿದೆ.

ಪವರ್ ಸಿಂಬಲ್ ಹುಡುಕುವುದು ಸ್ವಲ್ಪ ಸುತ್ತು ದಾರಿ. ಪ್ರತಿ ಫೈಲಿನ ಮೊದಲಲ್ಲಿ ಆ ಶೀಟಿನಲ್ಲಿ ಬಳಸಿದ ಸಿಂಬಲ್‌ಗಳ ಮೂಲ ನಕಲು ಇರುತ್ತದೆ. ಅದರಲ್ಲಿ ಪವರ್ ಅನ್ನುವ ಗುರುತು ಇದ್ದರೆ ಅದು ಪವರ್ ಸಿಂಬಲ್. ಶೀಟಿನಲ್ಲಿ ಇಟ್ಟ ಪ್ರತಿಯೊಂದು ಸಿಂಬಲ್ಲಿಗೂ ಅದರ ಮೂಲ ಯಾವುದು ಅಂತ ನೋಡಿ, ಮೂಲ ಪವರ್ ಆಗಿದ್ದರೆ ಅದರ ವ್ಯಾಲ್ಯೂ ಓದಬೇಕು. ಎಂಟನೇ ಆವೃತ್ತಿಯಲ್ಲಿ ಆ ವ್ಯಾಲ್ಯೂವೇ ನೆಟ್ಟಿನ ಹೆಸರು. ಹಳೆಯ ಆವೃತ್ತಿಗಳಲ್ಲಿ ಸಿಂಬಲ್ ಒಳಗಿನ ಪಿನ್ನಿನ ಹೆಸರು ನೆಟ್ಟಿನ ಹೆಸರಾಗುತ್ತಿತ್ತು, ವ್ಯಾಲ್ಯೂ ಬದಲಿಸಿದರೆ ಏನೂ ಆಗುತ್ತಿರಲಿಲ್ಲ. ಹಳೆಯ ಫೈಲಿನ ಮೇಲೆ ಕೆಲಸ ಮಾಡುವವರು ಇದನ್ನು ಗಮನದಲ್ಲಿಡಬೇಕು.

ಓಡಿಸಿದೆ. ಗ್ರೌಂಡ್ ಬಂತು, ವಿಸಿಸಿ ಬಂತು, 3.3 ವೋಲ್ಟ್ ಬಂತು. 12 ವೋಲ್ಟ್ ಬರಲಿಲ್ಲ. ಪವರ್ ಶೀಟಿನಲ್ಲಿ ಕಣ್ಣೆದುರೇ ಇದೆ, ಸ್ಕ್ರಿಪ್ಟಿಗೆ ಕಾಣುತ್ತಿಲ್ಲ. ಮಧ್ಯಾಹ್ನದ ಊಟ ತಣ್ಣಗಾಗುವವರೆಗೆ ಹುಡುಕಿದೆ. ಆ ಸಿಂಬಲ್ಲನ್ನು ನಾನು ಸ್ಕೀಮ್ಯಾಟಿಕ್ ಒಳಗೇ ಒಮ್ಮೆ ತಿದ್ದಿದ್ದೆ, ಗೆರೆ ಸ್ವಲ್ಪ ಉದ್ದ ಮಾಡಲು. ಹಾಗೆ ತಿದ್ದಿದರೆ ಕೀಕ್ಯಾಡ್ ಮೂಲದ ನಕಲನ್ನು ಬೇರೆ ಹೆಸರಿನಲ್ಲಿ ಇಡುತ್ತದೆ, ಹಿಂದೆ ಒಂದು ಸಂಖ್ಯೆ ಸೇರಿಸಿ. ಇಟ್ಟ ಸಿಂಬಲ್ಲಿನಲ್ಲಿ ಆ ಹೊಸ ಹೆಸರಿಗೆ ಪ್ರತ್ಯೇಕ ಜಾಗ ಇರುತ್ತದೆ. ನಾನು ಲೈಬ್ರರಿ ಹೆಸರನ್ನು ಮಾತ್ರ ನೋಡುತ್ತಿದ್ದೆ. ಮೂಲ ಸಿಗದಿದ್ದಾಗ ನನ್ನ ಸ್ಕ್ರಿಪ್ಟ್ ಮಾತಾಡದೆ ಮುಂದೆ ಹೋಗುತ್ತಿತ್ತು. ಅದನ್ನು ಕೂಡಲೇ ಬದಲಿಸಿದೆ: ಮೂಲ ಸಿಗದಿದ್ದರೆ ಅಲ್ಲೇ ನಿಂತು ಕೂಗಬೇಕು. ತಪ್ಪು ಹುಡುಕುವ ಸ್ಕ್ರಿಪ್ಟ್ ಗೊತ್ತಾಗದ್ದನ್ನು ನುಂಗಿಕೊಂಡರೆ ಅದರಿಂದ ಪ್ರಯೋಜನವಿಲ್ಲ.

ಈಗ ಎಂಟು ಹೆಸರು. ಲೇಬಲ್ಲಿನಿಂದ ವಿರೆಫ್, ರೀಸೆಟ್, ಮತ್ತೆ ಚಿಪ್‌ಗಳು ಪರಸ್ಪರ ಮಾತಾಡುವ ಎರಡು ತಂತಿ ಎಸ್‌ಡಿಎ, ಎಸ್‌ಸಿಎಲ್. ಸಿಂಬಲ್ಲಿನಿಂದ ಗ್ರೌಂಡ್, ವಿಸಿಸಿ, 3.3, 12. ಪ್ರತಿ ಹೆಸರಿನ ಕೆಳಗೆ ಅದು ಯಾವ ಯಾವ ಶೀಟಿನಲ್ಲಿ ಯಾವ ರೀತಿಯಲ್ಲಿದೆ ಅಂತ. ವಿರೆಫ್ ಕೆಳಗೆ ಪವರ್, ನಾಲ್ಕು ತಟ್ಟೆ, ಡಿಸ್ಪ್ಲೇ ಅಂತ ಸಾಲಾಗಿ ನಿಂತಿತ್ತು. ಡಿಸ್ಪ್ಲೇಗೆ ಅಲ್ಲೇನು ಕೆಲಸ ಅಂತ ಯಾರಾದರೂ ಕೇಳುವ ಹಾಗೆ.

ಸಂಜೆ ಕಾರವಾರಕ್ಕೆ ತಂಗಿಗೆ ಫೋನ್ ಮಾಡಿದೆ. ಅವಳೂ ಎಲೆಕ್ಟ್ರಾನಿಕ್ಸ್ ಓದಿದವಳು. ನಮ್ಮಲ್ಲಿ ಮನೆಯೊಳಗೆ ನೆಟ್‌ವರ್ಕ್ ಇಲ್ಲ, ಕೊಡೆ ಹಿಡಿದು ಅಂಗಳದ ತುದಿಗೆ ಹೋಗಬೇಕು. ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ ಮಾತು: "ಅಣ್ಣ, ನೆಟ್‌ಲಿಸ್ಟ್ ತೆಗೆದು ತಾಳೆ ನೋಡಿದ್ಯಾ?"

ನೋಡಿರಲಿಲ್ಲ. ನನ್ನ ಸ್ಕ್ರಿಪ್ಟ್ ಹೇಳುತ್ತಿದ್ದದ್ದು ಫೈಲಿನಲ್ಲಿ ಏನು ಬರೆದಿದೆ ಅನ್ನುವುದು. ಕೀಕ್ಯಾಡ್ ಅದನ್ನು ಹೇಗೆ ಅರ್ಥಮಾಡಿಕೊಂಡಿದೆ ಅನ್ನುವುದು ನೆಟ್‌ಲಿಸ್ಟಿನಲ್ಲಿ, ಅಂದರೆ ಅದು ತೆಗೆದುಕೊಡುವ ನೆಟ್‌ಗಳ ಪಟ್ಟಿಯಲ್ಲಿ, ಇರುತ್ತದೆ. ಏಳನೇ ಆವೃತ್ತಿಯಿಂದ ಕಮಾಂಡ್ ಸಾಲಿನಿಂದಲೇ ನೆಟ್‌ಲಿಸ್ಟ್ ತೆಗೆಯಬಹುದು, ಕಿಟಕಿ ತೆರೆಯಬೇಕಿಲ್ಲ. ಅದರ ರೂಪವೂ ಕಂಸದೊಳಗೆ ಕಂಸವೇ, ನನ್ನ ಪಾರ್ಸರ್ ಹಾಗೇ ಕೆಲಸಕ್ಕೆ ಬಂತು. ಅದರಲ್ಲಿ ಶೀಟಿನೊಳಗಿನ ಹೆಸರುಗಳು ಓರೆಗೆರೆಯಿಂದ ಶುರುವಾಗುತ್ತವೆ. ಮುಖ್ಯ ಶೀಟಿನ ಮಾಮೂಲಿ ಲೇಬಲ್ಲಿಗೂ ಮುಂದೆ ಓರೆಗೆರೆ ಇರುತ್ತದೆ. ಹೆಸರೇ ಇಡದ ನೆಟ್‌ಗಳು ಮತ್ತು ಎಲ್ಲಿಗೂ ಜೋಡಿಸದ ಪಿನ್‌ಗಳು ತಮ್ಮದೇ ಗುರುತಿನಿಂದ ಶುರುವಾಗುತ್ತವೆ. ಇವೆಲ್ಲ ತೆಗೆದರೆ ಉಳಿಯುವುದೇ ಗ್ಲೋಬಲ್. ಎಣಿಸಿದೆ. ಎಂಟು. ಅದೇ ಎಂಟು ಹೆಸರು.

ಖುಷಿಯಾಯಿತು. ಅಲ್ಲಿಗೇ ಬಿಟ್ಟಿದ್ದರೆ ದೊಡ್ಡ ತಪ್ಪಾಗುತ್ತಿತ್ತು.

ಹೆಸರು ಕೂಡಿದರೆ ಸಾಕಾಗುವುದಿಲ್ಲ, ಜಾಗವೂ ಕೂಡಬೇಕು. ನೆಟ್‌ಲಿಸ್ಟಿನಲ್ಲಿ ಪ್ರತಿ ನೆಟ್ಟಿಗೆ ಯಾವ ಭಾಗದ ಯಾವ ಪಿನ್ ಸೇರಿದೆ ಅಂತ ಇರುತ್ತದೆ. ಆ ಭಾಗ ಯಾವ ಶೀಟಿನದ್ದು ಅಂತಲೂ ಇರುತ್ತದೆ. ಹಾಗಾದರೆ ಹೀಗೆ ಕೇಳಬಹುದು: ಈ ಗ್ಲೋಬಲ್ ನೆಟ್ಟಿಗೆ ಸೇರಿದ ಪಿನ್ ಒಂದು ಶೀಟಿನಲ್ಲಿದೆ, ಆದರೆ ಆ ಶೀಟಿನಲ್ಲಿ ಆ ಹೆಸರಿನ ಲೇಬಲ್ಲಾಗಲಿ ಪವರ್ ಸಿಂಬಲ್ಲಾಗಲಿ ಇಲ್ಲ. ಅಂಥದ್ದು ಯಾವುದಾದರೂ ಇದೆಯಾ?

ಮೂರು ಬಂತು. ಮೂರೂ ಫ್ಯಾನ್ ಶೀಟಿನದ್ದು. 12 ವೋಲ್ಟ್ ಮತ್ತು 3.3 ವೋಲ್ಟ್ ಶೀಟಿನ ಪಿನ್ ಮೂಲಕ ಗೆರೆ ಎಳೆದೇ ಒಳಗೆ ಹೋಗಿದ್ದವು, ಅವು ಸರಿ. ಮೂರನೆಯದು ವಿಸಿಸಿ. ನನ್ನ ಬೋರ್ಡಿನಲ್ಲಿ ವಿಸಿಸಿ ಅಂದರೆ 5 ವೋಲ್ಟ್. ಫ್ಯಾನ್ ಶೀಟಿಗೆ ನಾನು 5 ವೋಲ್ಟ್ ಕೊಟ್ಟೇ ಇಲ್ಲ. ಆದರೂ ಅಲ್ಲಿನ 74ಎಚ್‌ಸಿ14 ಅನ್ನುವ ಲಾಜಿಕ್ ಐಸಿಯ 14ನೇ ಪಿನ್ ವಿಸಿಸಿಗೆ ಸೇರಿದೆ ಅನ್ನುತ್ತಿದೆ ನೆಟ್‌ಲಿಸ್ಟ್.

ಶೀಟ್ ತೆರೆದು ನೋಡಿದೆ. 74ಎಚ್‌ಸಿ14 ಇದೆ, ಆದರೆ 14ನೇ ಪಿನ್ ಚಿತ್ರದಲ್ಲಿ ಇಲ್ಲವೇ ಇಲ್ಲ. 7ನೇ ಪಿನ್ನೂ ಇಲ್ಲ. ಆಗ ನೆನಪಾಯಿತು ಮೂರನೇ ದಾರಿ. ಈ ಸಿಂಬಲ್ ನನ್ನ ಬಹಳ ಹಳೆಯ ಲೈಬ್ರರಿಯದ್ದು. ಹಿಂದೆ ಲಾಜಿಕ್ ಐಸಿಗಳ ಪವರ್ ಪಿನ್ನನ್ನು ಚಿತ್ರದಲ್ಲಿ ಅಡಗಿಸಿ ಇಡುವುದು ರೂಢಿಯಾಗಿತ್ತು. ಎಲ್ಲ ಐಸಿಯೂ ಒಂದೇ 5 ವೋಲ್ಟಿನಲ್ಲಿ ಓಡುತ್ತಿದ್ದ ಕಾಲದಲ್ಲಿ ಅದರಿಂದ ಚಿತ್ರ ಚೊಕ್ಕವಾಗಿ ಕಾಣುತ್ತಿತ್ತು. ಅಡಗಿಸಿದ ಪವರ್ ಇನ್‌ಪುಟ್ ಪಿನ್ ತನ್ನ ಹೆಸರಿನ ಗ್ಲೋಬಲ್ ನೆಟ್ಟಿಗೆ ತಾನಾಗಿ ಸೇರಿಕೊಳ್ಳುತ್ತದೆ. ಲೇಬಲ್ ಬೇಡ, ಗೆರೆ ಬೇಡ, ಕಾಣುವುದೂ ಬೇಡ.

ಫ್ಯಾನ್ ತಿರುಗುತ್ತಿದೆಯಾ ಅಂತ ತಿಳಿಯಲು ಕಾಂತದ ಓಡಾಟ ಗುರುತಿಸುವ ಒಂದು ಹಾಲ್ ಸೆನ್ಸರ್ ಇದೆ. ಅದರ ಪಲ್ಸನ್ನು ಈ 74ಎಚ್‌ಸಿ14 ಚೊಕ್ಕ ಮಾಡಿ ಬೋರ್ಡಿನ ಕಂಟ್ರೋಲರ್ ಚಿಪ್ ಇಎಸ್‌ಪಿ32ಗೆ ಕೊಡುತ್ತದೆ. ಇಎಸ್‌ಪಿ32ರ ಪಿನ್‌ಗಳು 3.3 ವೋಲ್ಟಿನವು. ಅದಕ್ಕೆ ನಾನು 5 ವೋಲ್ಟಿನ ಪಲ್ಸ್ ಕಳಿಸುತ್ತಿದ್ದೆ. ಮೀಟರ್ ಹಿಡಿದೆ: 74ಎಚ್‌ಸಿ14ರ ಔಟ್‌ಪುಟ್‌ನಲ್ಲಿ 4.9. ನಡುವೆ 1 ಕಿಲೋಓಮ್ ರೆಸಿಸ್ಟರ್ ಹಾಕಿದ್ದರಿಂದ ಹರಿಯುವ ಕರೆಂಟ್ ಕಡಿಮೆಯಾಗಿ ಚಿಪ್ ಉಳಿದಿತ್ತು. ಇದು ಇವತ್ತೋ ನಾಳೆಯೋ ಕೈಕೊಡುವ ತಪ್ಪಲ್ಲ. ಬೋರ್ಡ್ ಡ್ರೈಯರ್‌ಗೆ ಕೂತು ಒಂದು ಸೀಸನ್ ಓಡಿ, ಯಾವಾಗಲೋ ನಡುರಾತ್ರಿ ಆ ಪಿನ್ ಸಾಯುತ್ತಿತ್ತು. ಆಗ ನಾನು ಫ್ಯಾನನ್ನೋ ಹೊಗೆಯನ್ನೋ ತಪ್ಪಿತಸ್ಥ ಅನ್ನುತ್ತಿದ್ದೆ.

ಸ್ಕ್ರಿಪ್ಟಿಗೆ ಮೂರನೇ ಹುಡುಕಾಟ ಸೇರಿಸಿದೆ. ಮೂಲ ಸಿಂಬಲ್ಲಿನ ಪ್ರತಿ ಪಿನ್ ನೋಡು, ರೀತಿ ಪವರ್ ಇನ್‌ಪುಟ್ ಆಗಿದ್ದು ಅಡಗಿಸಿದ್ದರೆ ಅದರ ಹೆಸರನ್ನೂ ಪಟ್ಟಿಗೆ ಸೇರಿಸು, ಪಕ್ಕದಲ್ಲಿ 'ಅಡಗಿದ ಪಿನ್' ಅಂತ ಬರೆ. ಅಡಗಿಸಿದ ಗುರುತನ್ನು ಕೆಲವು ಆವೃತ್ತಿಯಲ್ಲಿ ಒಂಟಿ ಪದವಾಗಿ ಬರೆಯುತ್ತಾರೆ, ಕೆಲವದರಲ್ಲಿ ಕಂಸದೊಳಗೆ ಹೌದು ಅನ್ನುವುದನ್ನೂ ಸೇರಿಸಿ ಬರೆಯುತ್ತಾರೆ. ಎರಡನ್ನೂ ನೋಡಬೇಕು. ಪವರ್ ಸಿಂಬಲ್ಲಿನ ಒಳಗೂ ಹೀಗೆ ಅಡಗಿದ ಪಿನ್ ಇರುತ್ತದೆ, ಅದನ್ನು ಎರಡು ಸಲ ಎಣಿಸಬಾರದು. ಈ ಸಲ ಓಡಿಸಿದಾಗ 74ಎಚ್‌ಸಿ14ರ ಎರಡು ಪಿನ್ ಬಂತು, ವಿಸಿಸಿ ಮತ್ತು ಗ್ರೌಂಡ್. ತಾಳೆ ನೋಡುವಾಗ ಈ ಗ್ರೌಂಡ್ ಪಿನ್ ಸಿಗದೆ ಇದ್ದದ್ದಕ್ಕೂ ಕಾರಣ ತಿಳಿಯಿತು. ಫ್ಯಾನ್ ಶೀಟಿನಲ್ಲಿ ಗ್ರೌಂಡ್ ಸಿಂಬಲ್ ಇದ್ದೇ ಇತ್ತು, ಅದರ ಮರೆಯಲ್ಲಿ ಇದು ನಿಂತಿತ್ತು.

ಕೊನೆಗೆ ಸಣ್ಣದೊಂದು ಪಠ್ಯ ಫೈಲ್ ಬರೆದೆ. ಯಾವ ಹೆಸರು ಗ್ಲೋಬಲ್ ಆಗಿರಬೇಕು, ಯಾವ ಯಾವ ಶೀಟಿನಲ್ಲಿ, ಅಂತ ಕೈಯಿಂದಲೇ ಬರೆದ ಪಟ್ಟಿ. ಗ್ರೌಂಡ್ ಎಲ್ಲ ಕಡೆ. ವಿಸಿಸಿ ಪವರ್ ಮತ್ತು ಡಿಸ್ಪ್ಲೇಯಲ್ಲಿ ಮಾತ್ರ. ವಿರೆಫ್ ಯಾವುದರಲ್ಲೂ ಬೇಡ. ಸ್ಕ್ರಿಪ್ಟ್ ಈ ಪಟ್ಟಿಯ ಜೊತೆ ಹೋಲಿಸಿ, ಇದರಲ್ಲಿ ಇಲ್ಲದ ಪ್ರತಿಯೊಂದನ್ನೂ ಶೀಟಿನ ದಾರಿಯ ಸಮೇತ ಹೇಳುತ್ತದೆ. ಒಂದಾದರೂ ಉಳಿದಿದ್ದರೆ ಬೋರ್ಡ್ ತಯಾರಿಸುವವರಿಗೆ ಕಳಿಸುವ ಗರ್ಬರ್ ಫೈಲ್ ತೆಗೆಯುವ ಹಂತಕ್ಕೇ ಹೋಗುವುದಿಲ್ಲ. ಒಟ್ಟು 140 ಸಾಲಿನ ಹತ್ತಿರ ಆಯಿತು. ಆ ಪಟ್ಟಿ ಬರೆಯಲು ಕೂತಾಗಲೇ ಒಂದೊಂದು ಹೆಸರಿಗೂ ಇದು ಯಾಕೆ ಬೇಕು ಅಂತ ನನಗೆ ನಾನೇ ಉತ್ತರ ಕೊಡಬೇಕಾಯಿತು. ರೀಸೆಟ್ಟಿಗೆ ಉತ್ತರ ಸಿಗಲಿಲ್ಲ. ಅದನ್ನು ಕಂಟ್ರೋಲರ್ ಶೀಟಿನೊಳಗೇ ಮಾಮೂಲಿ ಲೇಬಲ್ ಮಾಡಿದೆ.

ಇನ್ನು ಕೈಯಲ್ಲಿರುವ ಬೋರ್ಡ್. ಹೊಸದು ತರಿಸಲು ಹೊತ್ತು ಬೇಕು, ಮೊದಲು ಇದನ್ನೇ ರಿಪೇರಿ ಮಾಡಿದೆ. ಕರೆಂಟ್ ಹೋಗಿತ್ತು, ಬೆಸುಗೆ ಕಡ್ಡಿಯನ್ನು ಇನ್ವರ್ಟರ್‌ಗೆ ಹಾಕಿದೆ. ಟ್ರಿಮ್ಮರ್‌ನ ನಡುಗಾಲಿನಿಂದ ಎರಡು ದಾರಿ ಹೊರಡುತ್ತದೆ. ಒಂದು ಎಲ್‌ಸಿಡಿಯ 3ನೇ ಪಿನ್ನಿಗೆ, ಅದು ಬೇಕು. ಇನ್ನೊಂದು ವಯಾ (ಬೋರ್ಡಿನ ಎರಡು ಬದಿಯ ತಾಮ್ರ ಜೋಡಿಸುವ ತೂತು) ಮೂಲಕ ಹಿಂಬದಿಗೆ ಇಳಿದು ರೆಫರೆನ್ಸ್ ಕಡೆಗೆ. ವಯಾಕ್ಕೆ ಸ್ವಲ್ಪ ಮೊದಲು ಬ್ಲೇಡಿನಿಂದ ಎರಡು ಗೀಟು ಹಾಕಿ, ನಡುವಿನ ತಾಮ್ರವನ್ನು ಕೆರೆದು ತೆಗೆದೆ. ಮೀಟರಿನ ಬೀಪ್ ನಿಂತಿತು. ರೆಫರೆನ್ಸ್ 2.49ಕ್ಕೆ ಬಂದು ಕೂತಿತು.

74ಎಚ್‌ಸಿ14 ಕೆಲಸ ನಾಜೂಕು. 14ನೇ ಕಾಲಿನ ಕೆಳಗೆ ಸೂಜಿ ತೂರಿಸಿ, ಬೆಸುಗೆ ಕರಗಿಸುತ್ತಾ ಮೆಲ್ಲಗೆ ಎತ್ತಬೇಕು. ಜೋರು ಮಾಡಿದರೆ ಕಾಲೇ ಮುರಿಯುತ್ತದೆ. ಎತ್ತಿದ ಕಾಲಿಗೆ ಕೂದಲಿನಂಥ ತಂತಿ ಬೆಸೆದು ಹತ್ತಿರದ 3.3 ವೋಲ್ಟ್ ಕೆಪಾಸಿಟರ್‌ಗೆ ಕೊಟ್ಟೆ. ಆ ಐಸಿ 2ರಿಂದ 6 ವೋಲ್ಟ್‌ವರೆಗೆ ಓಡುತ್ತದೆ, 3.3 ಅದಕ್ಕೆ ಸಾಕು. ಮೊದಲಿನ ಕೆಪಾಸಿಟರ್ 5 ವೋಲ್ಟ್ ಕಡೆಯೇ ಉಳಿಯಿತಲ್ಲ, ಅದಕ್ಕೆ ಐಸಿಯ ಬೆನ್ನ ಮೇಲೆ 0.1 ಮೈಕ್ರೋಫ್ಯಾರಡ್‌ನ ಇನ್ನೊಂದನ್ನು 14 ಮತ್ತು 7ರ ನಡುವೆ ಕೂರಿಸಿದೆ. ಔಟ್‌ಪುಟ್ ಈಗ 3.3.

ಸ್ಕೀಮ್ಯಾಟಿಕ್‌ನಲ್ಲೂ ತಿದ್ದಿದೆ. ರೆಫರೆನ್ಸ್ ಈಗ ಹೈರಾರ್ಕಿಕಲ್ ಪಿನ್ ಮೂಲಕ ನಾಲ್ಕು ತಟ್ಟೆಗೂ ಗೆರೆ ಎಳೆದೇ ಹೋಗುತ್ತದೆ. ಟ್ರಿಮ್ಮರ್ ನಡುಗಾಲಿನ ಹೆಸರು ಈಗ ಕಾಂಟ್ರಾಸ್ಟ್, ಅದೂ ಮಾಮೂಲಿ ಲೇಬಲ್. 74ಎಚ್‌ಸಿ14ಗೆ ಕೀಕ್ಯಾಡ್‌ನ ಈಗಿನ ಲೈಬ್ರರಿಯ ಸಿಂಬಲ್ ಹಾಕಿದೆ. ಅದರಲ್ಲಿ ಪವರ್ ಪಿನ್ ಬೇರೆ ಯೂನಿಟ್ ಆಗಿ ಕಣ್ಣಿಗೆ ಕಾಣುತ್ತದೆ. ಸ್ಕ್ರಿಪ್ಟ್ ಓಡಿಸಿದರೆ ದೂರು ಒಂದೂ ಇಲ್ಲ.

ಭಾನುವಾರ ಬೋರ್ಡ್ ಹಿಡಿದು ಭಾವನ ಮನೆಗೆ ಹೋದೆ. ಮಳೆಗಾಲದಲ್ಲಿ ಅಡಿಕೆ ಇರುವುದಿಲ್ಲ, ಖಾಲಿ ತಟ್ಟೆಗೇ ಕಟ್ಟಿಗೆ ಹಾಕಿ ಉರಿ ಮಾಡಿದೆವು. ಒಂದು ತಾಸಿಗೆ ಕೆಳಗಿನ ತಟ್ಟೆ 58, ಮೇಲಿನದು 46. ಭಾವ ತಮ್ಮ ಹಳೆಯ ಥರ್ಮಾಮೀಟರನ್ನು ಒಂದೊಂದು ತಟ್ಟೆಗೂ ಇಟ್ಟು ನೋಡಿದರು. ಒಂದು ಡಿಗ್ರಿಯ ಒಳಗೆ ಕೂಡಿ ಬಂತು. "ಇದ್ನ ನಂಬಲಕ್ಕಾ?" ಅಂದರು. ನಾನು ಸ್ಕ್ರೂಡ್ರೈವರ್ ಅವರ ಕೈಗೆ ಕೊಟ್ಟು, ಟ್ರಿಮ್ಮರ್ ಎಲ್ಲಿದೆ ಅಂತ ತೋರಿಸಿದೆ. ಅವರು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದರು. ಅಕ್ಷರ ಕಪ್ಪಾಯಿತು, ಮಂಕಾಯಿತು, ಅಳಿಸಿಹೋಯಿತು, ಮತ್ತೆ ಮೂಡಿತು. 58, 53, 50, 46. ಲ್ಯಾಪ್‌ಟಾಪಿನಲ್ಲಿ ನಾಲ್ಕೂ ಸಂಖ್ಯೆ ಇದ್ದಲ್ಲೇ ಇದ್ದವು.